ಕೌದಿಯ ಹೊಟ್ಟೆ

ಪಣಜಿಯ ಫೊಂತೈನ್ಹಾಸಿನಲ್ಲಿ, ಆ ನೀಲಿ ಮನೆಯ ನಡುಕೋಣೆಯಲ್ಲಿ
ಯಮನೂರ ಮೊಳೆ ಹೊಡೆಯುತ್ತಿದ್ದ.
ಏಣಿಯ ಬುಡದಲ್ಲಿ ಕೂತು ನಾನು
ಮೂರು ಭಾಷೆಯ ಫಲಕಗಳನ್ನು ನೆಲಕ್ಕೆ ಹರಡಿದ್ದೆ.

ಪ್ರದರ್ಶನದ ಹೆಸರು 'ಎರಡು ದಡ, ಒಂದು ನೂಲು'.
ಹಣ ಕೊಟ್ಟವರಿಗೆ ಹಿಡಿಸಿತ್ತು. ನನಗೆ ಅಷ್ಟಕ್ಕಷ್ಟೆ.
ಒಂದು ಗೋಡೆಗೆ ಎರ್ಮೆಲಿಂದಾ ಬಾಯ್‌ಳ ತಾಯಿ
ಮದುವೆಗೆ ಮುಂಚೆ ಹೆಣೆದ ಕ್ರೋಶಾ ಹೊದಿಕೆ,
ಹಾಲಿನ ಕೆನೆಯಂಥದ್ದು.
ಎದುರು ಗೋಡೆಗೆ
ಝುವಾರಿ ನಗರದ ಗಾಳೆವ್ವನ ಕೌದಿ.

ಅದನ್ನು ಕೇಳಲು ಅವಳ ತಗಡಿನ ಮನೆಗೆ ಹೋದಾಗ
ಫಾರ್ಮು ತೆಗೆದು, ಇದರ ಬೆಲೆ ಎಷ್ಟು ಬರೆಯಲಿ ಎಂದೆ.
"ಬೆಲಿ ಯಾಕವ್ವ, ಮಾರಾಕ ಒಯ್ತೀಯೇನು?
ಮಳಿಗಾಲಕ್ಕ ತಂದು ಕೊಡು, ಮೊಮ್ಮಗ ಹೊಚಗೋತಾನ."
ಬೆಲೆಯ ಜಾಗದಲ್ಲಿ ನಾನೇ ಒಂದು ಅಂಕಿ ಬರೆದೆ,
ದೊಡ್ಡದಾಗಿಯೇ. ಆದರೂ ನಾಚಿಕೆಯಾಯಿತು.

ಕೊಂಕಣಿಯಲ್ಲಿ ವಾಕಳ ಎಂದು ಬರೆದೆ, ಮರಾಠಿಯಲ್ಲಿ ಗೋಧಡಿ.
ಕನ್ನಡದ ಫಲಕ ಕೊನೆಗೆ ಉಳಿಯಿತು,
ನನ್ನದೇ ಭಾಷೆ, ಅದಕ್ಕೇನು ಅವಸರ ಎಂದು.

ಆಮೇಲೆ ಆ ಚಿಕ್ಕ ಚೀಟಿ. ಎಲ್ಲ ಪ್ರದರ್ಶನದಲ್ಲೂ ಇರುವುದೇ.
'ದಯವಿಟ್ಟು ಮುಟ್ಟಬೇಡಿ.'
ಏಣಿಯಿಂದಿಳಿದ ಯಮನೂರ ಅದನ್ನು ಓದಿದ,
ಸುತ್ತಿಗೆಯನ್ನು ಎಡಗೈಗೆ ಬದಲಿಸಿದ.
"ಇದನ್ನ ಕನ್ನಡದಾಗ ಹಾಕಬ್ಯಾಡ್ರಿ ಮೇಡಂ.
ಇಲ್ಲಿ ಘಾಟಿ ಅಂತಾರ, ತಡಕೋತೀವಿ.
ಈ ಮಾತಿಗೇ ಊರು ಬಿಟ್ಟು ಬಂದದ್ದು."

ನಾನು ಧಾರವಾಡದ ಮಾಳಮಡ್ಡಿಯವಳು.
ನಮ್ಮ ಹಿತ್ತಿಲ ಬಾಗಿಲಲ್ಲಿ ಈ ಶಬ್ದವನ್ನು
ಯಾರು ಯಾರಿಗೆ ಹೇಳುತ್ತಿದ್ದರೆಂದು
ಅವನಿಗೆ ಹೇಳಲಿಲ್ಲ. ಅವನಿಗೆ ಗೊತ್ತಿತ್ತು.
ಚಿಪ್ಪಿನ ಕಿಟಕಿಯಲ್ಲಿ ಬಿಸಿಲಿತ್ತು. ಇಬ್ಬರೂ ಅದನ್ನೇ ನೋಡಿದೆವು.

ಉದ್ಘಾಟನೆಗೆ ಕಾನ್ಸಲ್ ಬಂದ, ಫೆನಿ ಬಂತು, ಭಾಷಣ ಬಂತು:
ಕಲೆಯೆಂದರೆ ಸಂಸ್ಕೃತಿಗಳ ನಡುವಿನ ಸೇತುವೆ, ಇತ್ಯಾದಿ.
ಮಾಂಡೋವಿಯ ಸೇತುವೆಗೆ ಕಬ್ಬಿಣ ಹೊತ್ತ ಯಮನೂರ
ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದ.

ಗಾಳೆವ್ವ ಬಂದಳು, ಕೊನೆಯ ಬಸ್ಸಿನ ಚಿಂತೆ ಮುಖದ ಮೇಲೆ.
ಹಗ್ಗ ದಾಟಿ, ನೇರ ಹೋಗಿ,
ಕೌದಿಯ ಅಂಚು ಮಗುಚಿ ಹಿಂಬದಿ ನೋಡಿದಳು.
"ಒಗದು ಒಣಗ್ಹಾಕಿದಂಗ ಹಾಕೀರಲ್ಲ!"
ಯಾರೂ ತಡೆಯಲಿಲ್ಲ. ಚೀಟಿ ನನ್ನ ಚೀಲದಲ್ಲಿತ್ತು.

ಎರ್ಮೆಲಿಂದಾ ಬಾಯ್ ಕೋಲೂರಿಕೊಂಡು ಹತ್ತಿರ ಬಂದು
ನಡುವಿನ ನೀಲಿ ಪಟ್ಟೆಯ ತುಂಡಿಗೆ ಬೆರಳಿಟ್ಟಳು.
ಇದು ನನ್ನ ಕಾಯ್ತಾನನ ಪೈಜಾಮ ಎಂದಳು, ಕೊಂಕಣಿಯಲ್ಲಿ.
"ನಮ್ಮ ಮನಿಯವರದು, ಮಾಪ್ಸಾ ಸಂತ್ಯಾಗ ತಂದದ್ದು" ಎಂದಳು ಇವಳು.
ಅನುವಾದಕ್ಕೆಂದು ಬಾಯಿ ತೆರೆದೆ.
ಬೇಕಾಗಲಿಲ್ಲ. ಇಬ್ಬರೂ ಪಟ್ಟು ಬಿಡಲೂ ಇಲ್ಲ.
ಒಂದೇ ಪಟ್ಟೆಯೊಳಗೆ ತೀರಿಹೋದ ಇಬ್ಬರು ಗಂಡಂದಿರು
ಕಾಲು ಚಾಚಿ ಮಲಗಿದ್ದರು.

ಹೋಗುವ ಮುಂಚೆ ಗಾಳೆವ್ವ ಒಂದು ಮೂಲೆ ಅದುಮಿ ತೋರಿಸಿದಳು:
"ಇಲ್ಲಿ ಚೂರು ರೊಟ್ಟಿ ಇಟ್ಟು ಹೊಲದೀನಿ.
ಕೌದಿ ಹಸಿದಿರಬಾರದು ನೋಡವ್ವ,
ಹೊಚಗೊಂಡವರನ್ನ ತಿಂದೀತು."
ಎರ್ಮೆಲಿಂದಾ ಬಾಯ್ ತನ್ನ ತಾಯಿಯ ಬಿಳಿ ಹೆಣಿಗೆಯತ್ತ ತಿರುಗಿದಳು.
ಅದರ ತುಂಬ ತೂತು. ಏನಿಟ್ಟರೂ ನಿಲ್ಲುವಂತಿರಲಿಲ್ಲ.

ಬೆಳಿಗ್ಗೆ ಬೀಗ ತೆಗೆದರೆ
ಕೆಂಪು ನೆಲದಿಂದ ಗೋಡೆಗೆ ಇರುವೆ ಸಾಲು,
ಫಲಕಗಳನ್ನು ಬಳಸಿಕೊಂಡು, ಒಂದನ್ನೂ ಓದದೆ,
ಸೀದಾ ಆ ಮೂಲೆಗೆ.
ವಿಮೆಯ ಫಾರ್ಮಿನಲ್ಲಿ ಒಂದು ಪ್ರಶ್ನೆಯಿದೆ:
ಕೃತಿಯಲ್ಲಿ ಆಹಾರ ಪದಾರ್ಥ, ಕೀಟ, ಇದೆಯೇ ಇಲ್ಲವೇ.
ಮೊನ್ನೆ 'ಇಲ್ಲ'ಕ್ಕೆ ಗುರುತು ಹಾಕಿ ಸಹಿ ಮಾಡಿದ್ದೆ.

ಈಗ ಸ್ಪ್ರೇ ಡಬ್ಬಿ ಹಿಡಿದು ನಿಂತಿದ್ದೇನೆ.
ಯಮನೂರ ಕೇಳುತ್ತಿದ್ದಾನೆ, ಒರಸಲೇನ್ರಿ?
ಹತ್ತಕ್ಕೆ ಶಾಲೆಯ ಮಕ್ಕಳು ಬರುತ್ತಾರೆ.
ಕನ್ನಡದ ಫಲಕ ಇನ್ನೂ ಖಾಲಿ ಇದೆ.