ಬಾವುಟ ನಿಂತ ಜಾಗ

ಇಪ್ಪತ್ತೆರಡು ವರ್ಷ ಈ ಚರ್ಚಿನ ನೆಲ ಗುಡಿಸಿದ್ದೇನೆ.
ಪೀಠದ ಬಲಕ್ಕೆ ಒಂದು ಹಿತ್ತಾಳೆಯ ಬುಡ,
ಬುಡದಲ್ಲಿ ಓಕ್ ಮರದ ಕೋಲು, ಕೋಲಿಗೆ ದೇಶದ ಬಾವುಟ.
ಸರಿಸಿ ಗುಡಿಸಿದವನಲ್ಲ ನಾನು,
ಬಳಸಿ ಗುಡಿಸಿದವನು,
ಬಾಗಿಲಲ್ಲಿ ಮಲಗಿದ ಮುದಿ ನಾಯಿಯನ್ನು
ಯಾರೂ ಎಬ್ಬಿಸುವುದಿಲ್ಲವಲ್ಲ, ಹಾಗೆ.

ಹೊಸ ಪಾಸ್ಟರ್ ಬಂದ. ಥಾಡಿಯಸ್ ರೆಂಪೆಲ್, ಮೂವತ್ತೊಂದರ ಹುಡುಗ.
ಗರ್ಭಪಾತದ ಮಾತಿನಲ್ಲಿ ನಮ್ಮವನೇ,
ಮದುವೆಯ ಮಾತಿನಲ್ಲಿ ನಮ್ಮವನೇ,
ಬೈಬಲ್ಲಿನ ಒಂದು ಅಲ್ಪವಿರಾಮವನ್ನೂ ಬಿಟ್ಟುಕೊಡದವನು.
ಅಂಥವನು ಜೂನ್ ತಿಂಗಳ ಒಂದು ಭಾನುವಾರ
ಕಡ್ಡಿ ಮುರಿದಂತೆ ಹೇಳಿಬಿಟ್ಟ:
"ಈ ಮನೆಯಲ್ಲಿ ಒಬ್ಬನೇ ರಾಜ.
ಬಾವುಟವನ್ನು ಊಟದ ಹಾಲಿಗೆ ಸಾಗಿಸೋಣ."

ಯಾರೂ ಕೆಮ್ಮಲಿಲ್ಲ.

ಸೋಮವಾರ ಬೆಳಗ್ಗೆ ಆರಕ್ಕೆ, ಟ್ವೈಲಾಳ ಹೋಟೆಲು,
ಅದೇ ಮೂಲೆಯ ಮೇಜು, ಅದೇ ಐದು ಟೋಪಿ.
ಅಲ್ಲಿ ದಿನವೂ ದೇಶ ಕೆಡುತ್ತದೆ,
ಎರಡನೆಯ ಕಾಫಿಗೆ ಸರಿಹೋಗುತ್ತದೆ:
ಗಡಿ, ಸುಂಕ, ಸೋಯಾದ ಬೆಲೆ,
ಶಾಲೆಯ ಲೈಬ್ರರಿಯಲ್ಲಿ ಯಾವ ಪುಸ್ತಕ ಇರಬೇಕು,
ಹುಡುಗಿಯರ ಓಟದಲ್ಲಿ ಯಾರು ಓಡಬೇಕು.
ಅವತ್ತು ಮಾತ್ರ ವಾಷಿಂಗ್ಟನ್ ಯಾರಿಗೂ ನೆನಪಾಗಲಿಲ್ಲ.

"ಒಳಗೊಳಗೆ ಅವನೂ ಆ ಕಡೆಯವನೇ" ಎಂದ ಆರ್ಲೊ.
"ಅವನು ಹೇಳಿದ್ದು ಮೊದಲನೆಯ ಆಜ್ಞೆ" ಎಂದ ವೆಂಡೆಲ್ ಶ್ರಾಗ್.
"ಆ ಆಜ್ಞೆಯನ್ನು ನೀನು ಗಟ್ಟಿಯಾಗಿ ಓದಬಹುದಲ್ಲ,
ಅದಕ್ಕೆಂದು ಸತ್ತವರು ಯಾವ ಬಾವುಟದ ಕೆಳಗೆ ಸತ್ತರೋ?"
ವೆಂಡೆಲ್ ಮೊಟ್ಟೆಯ ಹಳದಿಯನ್ನು ಬ್ರೆಡ್ಡಿನಿಂದ ಒರೆಸಿದ,
ತಿನ್ನಲಿಲ್ಲ.
ಕ್ಯಾನ್ಸಸ್ಸಿನ ಈ ಬಯಲಲ್ಲಿ ನಲವತ್ತು ಸುಗ್ಗಿ
ಒಬ್ಬರ ಗೋಧಿಯನ್ನು ಒಬ್ಬರು ಕೊಯ್ದವರು
ಅವತ್ತು ಬೇರೆ ಬೇರೆ ಬಿಲ್ಲು ಕೇಳಿದರು.

ನನ್ನನ್ನು ಯಾರೂ ಕೇಳಲಿಲ್ಲ.
ಒಳ್ಳೆಯದೇ ಆಯಿತು. ನನ್ನ ಟ್ರಕ್ಕಿನ ರೇಡಿಯೊಗೆ
ಎಲ್ಲದಕ್ಕೂ ಉತ್ತರ ಗೊತ್ತು, ಇದಕ್ಕೆ ಗೊತ್ತಿರಲಿಲ್ಲ.

ಬುಧವಾರ ರಾತ್ರಿ ಮತ ಹಾಕಿದೆವು.
ಎಣಿಸಿದವಳು ಖಜಾಂಚಿ, ವರ್ಲಾ ಗೆರ್ಟ್ಸನ್, ಎಪ್ಪತ್ತೊಂಬತ್ತು.
ಹಿತ್ತಾಳೆಯ ಬುಡದ ಮೇಲೆ ಕೆತ್ತಿರುವುದು
ಅವಳ ಮಗನ ಹೆಸರು.
ಉಪ್ಪು, ವಿನೆಗರ್ ಹಾಕಿ ಪ್ರತಿ ಮೇ ತಿಂಗಳು ನಾನೇ ಉಜ್ಜುತ್ತೇನೆ:
ಡಾರಿನ್, ಮತ್ತೆ ಎರಡು ಇಸವಿಗಳು, ತೀರ ಹತ್ತಿರ ಹತ್ತಿರ.

ಕನ್ನಡಕ ಮೇಲೇರಿಸಿ ಓದಿದಳು:
"ಬೇಡ, ಮೂವತ್ತನಾಲ್ಕು. ಬೇಕು, ಮೂವತ್ತನಾಲ್ಕು.
ಒಂದು ಖಾಲಿ."
ತುಸು ತಡೆದು,
"ಖಾಲಿಯದು ನನ್ನದು."

ಎದ್ದು ಹೋದಳು, ಕೋಲಿನ ನಡುವಿಗೆ ಕೈ ಹಾಕಿದಳು.
"ಡಾರಿನ್‌ಗೆ ನಿಂತು ನಿಂತು ಸಾಕಾಗಿರಬೇಕು" ಎಂದಳು,
ಅಕ್ಕಿ ಮುಗಿದಿದೆ, ತರಬೇಕು ಎನ್ನುವ ದನಿಯಲ್ಲಿ.

ಬುಡ ಎಷ್ಟು ಭಾರವೆಂದು ಅವತ್ತೇ ತಿಳಿದದ್ದು ನನಗೆ.
ಆರ್ಲೊ ಬಾಗಿಲು ಹಿಡಿದ.
ವೆಂಡೆಲ್ ತನ್ನ ಟೋಪಿಯೊಳಗೆ ಏನನ್ನೋ ಹುಡುಕುತ್ತಿದ್ದ.
ಅವಳ ಬ್ಯೂಕ್ ಕಾರಿನ ಕಿಟಕಿಯಿಂದ ಕೋಲಿನ ತುದಿ ಹೊರಚಾಚಿ
ಧಾನ್ಯದ ಗೋಪುರ ದಾಟುವವರೆಗೂ ಕಾಣುತ್ತಿತ್ತು.

ಒಳಗೆ ಬಂದರೆ, ಪೀಠದ ಬಲಕ್ಕೆ
ಒಂದು ದುಂಡನೆ ಕೆಂಪು.
ಕಾರ್ಪೆಟ್ ಇಷ್ಟು ಕೆಂಪಗಿತ್ತೆಂದು ಮರೆತೇಹೋಗಿತ್ತು.
ಕಿಟಕಿಯ ಬಿಸಿಲಿಗೆ, ನಮ್ಮ ಬೂಟುಗಳಿಗೆ
ಉಳಿದದ್ದೆಲ್ಲ ಒಸಡಿನ ಬಣ್ಣಕ್ಕೆ ಇಳಿದಿತ್ತು.
ಪಾಸ್ಟರ್ ಮಂಡಿಯೂರಿ ಬೆರಳಿಂದ ಉಜ್ಜಿ ನೋಡಿದ.
"ಈ ಕಲೆ ಹೋಗುತ್ತದೆಯೆ?"
ಕಲೆ ಅದಲ್ಲ ಎನ್ನಬೇಕೆಂದಿದ್ದೆ. ಎನ್ನಲಿಲ್ಲ.

ಆರ್ಲೊ ಈಗ ಹೆದ್ದಾರಿಯಾಚೆಯ ಚರ್ಚಿಗೆ ಹೋಗುತ್ತಾನೆ,
ಅಲ್ಲಿ ಬಾವುಟಗಳು ಆರಿವೆಯಂತೆ, ಡ್ರಮ್ಮೂ ಇದೆಯಂತೆ.
ಮೂಲೆಯ ಮೇಜಿಗೆ ನಾಲ್ಕೇ ಟೋಪಿ.
ಪಾಸ್ಟರ್ ಉಪದೇಶದ ನಡುವೆ ಬಲಕ್ಕೆ ಹೆಜ್ಜೆ ಇಡುವುದಿಲ್ಲ.
ನನ್ನ ಯಂತ್ರವೂ ಅಭ್ಯಾಸಬಲದಿಂದ
ಅಲ್ಲಿ ಬಳಸಿಯೇ ಹೋಗುತ್ತದೆ.

ಕಳೆದ ಭಾನುವಾರ ವೆಂಡೆಲ್‌ನ ಮೊಮ್ಮಗಳು
ಎರಡೂ ಕಾಲು ಜೋಡಿಸಿ ಅದರೊಳಗೆ ಹಾರಿದಳು,
ಕುಂಟೆಬಿಲ್ಲೆಯ ಮನೆಯೆಂಬಂತೆ.
ಎಲ್ಲರೂ ವರ್ಲಾಳ ಕಡೆ ನೋಡಿದರು.
ಅವಳು ಕೈಚೀಲದಲ್ಲಿ ತಡಕಾಡಿ
ಒಂದು ಪೆಪ್ಪರ್‌ಮಿಂಟ್ ತೆಗೆದಳು,
ಸುತ್ತಿದ ಕಾಗದ ಬಿಚ್ಚತೊಡಗಿದಳು.