ಏಳನೇ ಕ್ರೇನು

ಹದಿನಾರು ತುಂಬಿದ ದಿನ ರುಸ್ನೆಗೊಂದು ಫೋನು ಕೊಟ್ಟೆ.
ರಿಬ್ಬನ್ನು ನಾನೇ ಕಟ್ಟಿದ್ದು.
ಅದರ ಹೊಟ್ಟೆಯೊಳಗೆ ಏನು ಬಚ್ಚಿಟ್ಟಿದ್ದೇನೆಂದು
ಕುಣಿದು ನನ್ನ ಕೊರಳಿಗೆ ಬಿದ್ದವಳಿಗೆ ಗೊತ್ತಿರಲಿಲ್ಲ.
ಗೊತ್ತಿರಲಿಲ್ಲ ಅಂತಲೇ ಅಂದುಕೊಂಡಿದ್ದೆ.

ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ ಬೆಕ್ಕು.
ನಾನು ಕಣ್ಣು ತೆರೆದೇ ಕುಡಿದೆ, ತಿಂಗಳುಗಟ್ಟಲೆ.

ನನ್ನ ಕೆಲಸವೇ ಮೇಲಿನಿಂದ ನೋಡುವುದು.
ಕ್ಲೈಪೆಡಾ ಬಂದರಿನ ಏಳನೇ ಕ್ರೇನು, ರಾತ್ರಿ ಪಾಳಿ,
ನೆಲದಿಂದ ನಲವತ್ತು ಮೀಟರು, ಕಾಲಡಿಗೆ ಗಾಜು.
ಹಡಗಿನಿಂದ ಕಂಟೇನರು ಎತ್ತು, ಲಾರಿಯ ಬೆನ್ನಿಗೆ ಇಳಿಸು.
ಒಳಗೇನಿದೆ ಎಂದು ಕೇಳುವಂತಿಲ್ಲ,
ಬಾಳೆಹಣ್ಣೋ, ಬೂಟೋ, ಯಾರದೋ ಮನೆಯ ಮಂಚವೋ,
ತೂಕವಷ್ಟೇ ನನಗೆ ಗೊತ್ತಾಗುವುದು.

ಎರಡು ಹಡಗುಗಳ ನಡುವೆ ಬಿಡುವಾದರೆ
ತೊಡೆಯ ಮೇಲೆ ಫೋನು, ಫೋನಿನಲ್ಲಿ ಊರು,
ಊರಿನಲ್ಲೊಂದು ಹಸಿರು ಚುಕ್ಕೆ.
ಅದು ಅಲುಗದಿದ್ದರೆ ನನ್ನ ಉಸಿರೂ ಸಮ.

ಅಕ್ಟೋಬರಿನ ಎರಡನೇ ಮಂಗಳವಾರ, ಒಂದೂ ಮುಕ್ಕಾಲಿಗೆ,
ಚುಕ್ಕೆ ಮನೆ ಬಿಟ್ಟಿತು.
ಬೇಕರಿ ದಾಟಿತು. ರೈಲು ಹಳಿ ದಾಟಿತು.
ಬಂದರಿನ ಬೇಲಿಯ ಬಳಿ, ಪಾಳುಬಿದ್ದ ಐಸ್ ಕಾರ್ಖಾನೆಯ ಹಿಂದೆ
ನಿಂತಿತು ನಲವತ್ತು ನಿಮಿಷ.
ಬಂದ ದಾರಿಯಲ್ಲೇ ವಾಪಸು.

ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕೇಳಿದೆ, ನಿದ್ದೆ ಬಂತಾ?
ಬಂತು, ಅಂದಳು. ನಿನ್ನ ರಾತ್ರಿ ಹೇಗಿತ್ತು?
ಎಂದಿನ ಹಾಗೆ, ಅಂದೆ.

ಬುಧವಾರವೂ. ಗುರುವಾರವೂ.
ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಲಿವರು ಎಳೆದೆ,
ಒಂದು ಕಂಟೇನರಿನ ಮೂಲೆ ಜಜ್ಜಿದೆ, ಕೆಳಗಿನವರು ಬೈದರು.
ಐಸ್ ಕಾರ್ಖಾನೆಯ ಹಿಂದೆ ಏನೇನು ಕೈ ಬದಲಾಗುತ್ತದೆಂದು
ಬಂದರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಶುಕ್ರವಾರ ಅವಳ ಸಂದೇಶಗಳನ್ನೂ ತೆರೆದೆ.
ಬರೀ 'ವ' ಎಂಬ ಹೆಸರಿಗೆ ಹೋಗಿದ್ದವು.
'ದೀಪ ಉರಿಯುತ್ತಿದೆ.'
'ಇನ್ನೂ ಕೆಳಗಿಳಿದಿಲ್ಲ.'
'ಬಾಗಿಲು ತೆರೆಯಿತು. ನನ್ನ ಎದೆಯೇ ನಿಂತುಹೋಯಿತು. ಮತ್ತೆ ಮುಚ್ಚಿತು.'
ಅತ್ತಲಿಂದ: 'ಒಬ್ಬಳೇ ಇರಬೇಡ. ನಾನು ಬರಲಾ?'

ಯಾರ ದೀಪ? ಯಾವ ಬಾಗಿಲು?
ಯಾರವನು?

ಆ ರಾತ್ರಿ ಸಮುದ್ರದಿಂದ ಮಂಜು ಎದ್ದು ಬಂತು.
ಕೆಲಸ ನಿಲ್ಲಿಸಿ ಎಂದಿತು ರೇಡಿಯೋ.
ಕಾಲಡಿಯ ಗಾಜಿನಲ್ಲಿ ಹಡಗಿಲ್ಲ, ನೆಲವಿಲ್ಲ,
ಅಂಗೈಯಲ್ಲಿ ಚುಕ್ಕೆ ಮಾತ್ರ ಇದೆ, ಬೇಲಿಯ ಬಳಿ.
ದಪ್ಪ ಸ್ಪ್ಯಾನರೊಂದನ್ನು ಜೇಬಿಗಿಳಿಸಿದೆ.
ಲಿಫ್ಟು ಸದ್ದು ಮಾಡುತ್ತದೆಂದು
ನೂರ ಎಂಬತ್ತೆರಡು ಮೆಟ್ಟಿಲು ನಡೆದೇ ಇಳಿದೆ.
ಟಾರ್ಚು ಹಚ್ಚಲಿಲ್ಲ. ಒದ್ದೆ ಗೋಡೆ ಸವರುತ್ತ ಹೋದೆ.
ಕೆಮ್ಮು ಕೇಳಿಸಿತು. ಒಂದೇ ಒಂದು ಕೆಮ್ಮು.

ಮೀನಿನ ಕ್ರೇಟು ಬೋರಲು ಹಾಕಿ ಕೂತಿದ್ದಳು,
ಮೈಮೇಲೆ ಅವಳಪ್ಪನ ಕೋಟು, ಪಕ್ಕದಲ್ಲಿ ಫ್ಲಾಸ್ಕು.
ಬೇರೆ ಯಾರೂ ಇಲ್ಲ.
ಕತ್ತೆತ್ತಿ ನೋಡುತ್ತಿದ್ದಳು,
ಏಳನೇ ಕ್ರೇನು ಇರಬೇಕಾದ ಕಡೆ,
ಏನೂ ಕಾಣದ ಬಿಳುಪನ್ನೇ.

ಹಿಂದಿನ ವಾರ, ಅವಳಪ್ಪ ಹೋಗಿ ವರ್ಷ ತುಂಬಿದ ರಾತ್ರಿ,
ಕ್ಯಾಬಿನ್ನಿನ ಬಾಗಿಲು ತೆರೆದು, ಕಂಬಿಯಾಚೆಗೆ ಒಂದು ಕಾಲಿಟ್ಟು
ನಿಂತಿದ್ದೆ. ಎಷ್ಟು ಹೊತ್ತೋ.
ಯಾರೂ ನೋಡಿರಲಿಲ್ಲ.
ಮನೆಯಲ್ಲೇ ಮರೆತ ನನ್ನ ಊಟದ ಡಬ್ಬಿ ಮಾತ್ರ
ಬೆಳಗಿನ ಜಾವ ಗೇಟಿನ ಕಟ್ಟೆ ಮೇಲಿತ್ತು.
ಯಾರು ತಂದಿಟ್ಟರೆಂದು ನಾನು ಕೇಳಲೇ ಇಲ್ಲ.

ಅಮ್ಮಾ, ಅಂದಳು. ನಾನಿಲ್ಲಿರೋದು ಹೇಗೆ ಗೊತ್ತಾಯಿತು?
ಮೇಲಿನಿಂದ ಕಂಡೆ, ಅಂದೆ.

ಇಬ್ಬರೂ ಮೇಲೆ ನೋಡಿದೆವು.
ಮಂಜು.

'ವ' ಯಾರೆಂದು ಕೇಳಲಿಲ್ಲ. ಕೇಳಿದರೆ ಓದಿದ್ದು ತಿಳಿಯುತ್ತದೆ.
ಫೋನನ್ನು ಅವಳು ಮನೆಯಲ್ಲೇ ಬಿಟ್ಟು ಬರಬಹುದಿತ್ತು, ಒಂದು ದಿನವಾದರೂ.
ಬಿಟ್ಟಿರಲಿಲ್ಲ.
ಜೇಬಿನ ಸ್ಪ್ಯಾನರು ಕೋಟನ್ನು ಒಂದು ಕಡೆಗೇ ಜಗ್ಗುತ್ತಿತ್ತು.
ಮುಚ್ಚಳಕ್ಕೆ ಚಹಾ ಬಗ್ಗಿಸಿ ನನ್ನ ಕೈಗಿಟ್ಟಳು,
ಬಿಸಿಯಿದೆ ನೋಡಿಕೊಂಡು ಕುಡಿ, ಅಂದಳು.