ಹೊಳೆಯಲ್ಲಿ ಕಿವುಚಿದ ಹುಣಸೆ

ಬುಧವಾರ. ನೆರಿಸ್ ಪ್ರಿಚರ್ಡ್
ಮೇಣದಲ್ಲಿ ಹೂತ ಬೀಜಕೋಶವನ್ನು
ಐದು ಮೈಕ್ರಾನ್ ತೆಳ್ಳಗೆ ಹೆರೆಯುತ್ತಾಳೆ,
ಬೆಚ್ಚನೆ ನೀರ ಮೇಲೆ ತೇಲಬಿಟ್ಟು, ಗಾಜಿಗೆ ಹತ್ತಿಸಿ,
ಬಣ್ಣ ಕುಡಿಸಿ, ಕಣ್ಣಿಡುತ್ತಾಳೆ.

ರೋಚ್ ಮೀನು. ಕೆಂಪು ಈಜುರೆಕ್ಕೆ, ಮೂರು ವರ್ಷದ್ದು.
ಊರಿನ ಕೊಳಚೆ ತಿಳಿಯಾಗಿ ಹೊರಬೀಳುವ
ಕೊಳವೆಯ ಕೆಳಗೆ, ಟಾಫ್ ನದಿ ಹೊರಳುವಲ್ಲಿ
ಬಲೆಗೆ ಬಿದ್ದದ್ದು.
ಚೀಟಿಯಲ್ಲಿ ಅವಳದೇ ಅಕ್ಷರ: ಗಂಡು.

ಸಾಸಿವೆ ಚೆಲ್ಲಿದ ಹಾಗೆ ನೇರಳೆ ವೀರ್ಯಾಣು;
ನಡುವೆ, ಕರೆಯದೆ ಬಂದು ಕೂತ ನೆಂಟರಂತೆ
ದುಂಡಗೆ, ನಸುಗೆಂಪಗೆ
ಹದಿನಾಲ್ಕು ಮೊಟ್ಟೆ.
ಯಾವತ್ತೂ ಇಡಲಾರದ, ಯಾವತ್ತೂ ಒಡೆಯದ ಮೊಟ್ಟೆ.
ಮತ್ತೊಮ್ಮೆ ಎಣಿಸುತ್ತಾಳೆ. ಸಂಬಳ ಎಣಿಕೆಗೆ.

ಎಮ್ಲಿನ್‌ಗೆ ಹೇಳಿದ್ದಳು ಒಮ್ಮೆ,
ಅದೇ ದಂಡೆಯಲ್ಲಿ ಗಾಳ ಹಾಕಿ ನಲವತ್ತು ವರ್ಷ ಕೂತವನಿಗೆ.
ಚಹಾ ಫ್ಲಾಸ್ಕಿನ ಮುಚ್ಚಳ ತಿರುವುತ್ತ ಅವನು
"ನೋಡೋಕೆ ಚೆನ್ನಾಗೇ ಇದಾವಲ್ಲ" ಅಂದ.
ತುಸು ಹೊತ್ತು ಬಿಟ್ಟು,
"ಮರಿ ಮಾತ್ರ ಕಾಣ್ತಿಲ್ಲ ಈಚೆಗೆ."

ಮೀನಿನ ಹೆಜ್ಜೆ ಕಂಡವರಿಲ್ಲವಂತೆ.
ಮೀನೊಳಗೆ ನಮ್ಮ ಹೆಜ್ಜೆ
ಕಾಣುತ್ತದೆ, ನಾನೂರು ಪಟ್ಟು ಹಿಗ್ಗಿಸಿದರೆ.

ರಾತ್ರಿ ಸ್ನಾನಕ್ಕೆ ನಿಂತಾಗ
ಸೊಂಟದ ಮೇಲಿನ ಔಷಧಿ ಪಟ್ಟಿಯ ತುದಿ ಎದ್ದಿದೆ.
ವಾರಕ್ಕೆರಡು. ಐವತ್ತೆರಡರ ಮೈಯ ಉರಿ ತಣಿಸಿ
ನಿದ್ದೆ ಮರಳಿ ಕೊಟ್ಟದ್ದು ಇದೇ;
ಇದನ್ನು ಬೈಯಲಾರಳು.
ಮಹಡಿಯ ಕೋಣೆಯಲ್ಲಿ ಮಗಳು ಕಾರಿಸ್
ಹಲ್ಲುಜ್ಜಿ ನುಂಗುವ ಪುಟ್ಟ ಗುಳಿಗೆ,
ಅದನ್ನೂ ಬೈಯಲಾರಳು.
ಗಣಿಬೀದಿಯ ಅವಳ ಮುತ್ತಜ್ಜಿ
ಒಂಬತ್ತನೆಯದನ್ನು ಹೆರುತ್ತ ಸತ್ತವಳು.

ನೀರು ಕಾಲ್ಬೆರಳ ಸಂದಿಯಲ್ಲಿ ಇಳಿದು
ಬಚ್ಚಲ ಜಾಲರಿ, ಬೀದಿಯ ಕೊಳವೆ,
ಗುಳ್ಳೆಯೇಳುವ ತೊಟ್ಟಿ, ಮರಳಿನ ಜರಡಿ
ಎಲ್ಲ ದಾಟುತ್ತದೆ. ಎಲ್ಲವೂ ಅಲ್ಲೇ ಉಳಿಯುವುದಿಲ್ಲ.

ಹೊಳೆಯಲ್ಲಿ ಹುಣಸೆ ಕಿವುಚಿದರೆ
ಹೊಳೆ ಹುಳಿಯಾದೀತೇ ಎಂದು ನಗುತ್ತಿದ್ದೆವು.
ನಮ್ಮ ನಾಲಗೆಗೆ ತಿಳಿಯದು, ನಿಜ.
ಈಜುಕೊಳ ತುಂಬ ನೀರಿಗೆ
ಒಂದೋ ಎರಡೋ ಸಕ್ಕರೆ ಹರಳು, ಅಷ್ಟೇ.
ಆದರೆ ಮೈಯೆಲ್ಲ ನಾಲಗೆಯಾದದ್ದು ಅಲ್ಲಿದೆ,
ಕಿವಿರು ತೆರೆದು,
ಹಗಲೂ ರಾತ್ರಿ ಅದನ್ನೇ ಉಸಿರಾಡುತ್ತ.

ಕನ್ನಡಿಯ ಆವಿ ಒರೆಸದೆ ನೆರಿಸ್
ಎದ್ದ ತುದಿಯನ್ನು ಹೆಬ್ಬೆರಳಲ್ಲಿ
ಒತ್ತಿ ಕೂರಿಸುತ್ತಾಳೆ.
ನಾಳೆ ಇಪ್ಪತ್ತಾರು ಗಾಜು ಬಾಕಿ.